ಹಾಡಿಗೂ ಬೇಕು ಒಂದು ‘ಸಾದರ ಸ್ವೀಕಾರ’

ನಮ್ಮ ಮನೆಯ ಹಿಂಗೋಡೆಗೆ ತಾಗಿದಂತಿರುವ ಮನೆಯ ಮಹಡಿಯಿಂದ, ಸಂಜೆಯ ಹೊತ್ತು ಯಾರೋ ಗಿಟಾರಿನ ತಂತಿಗಳನ್ನು ಶ್ರುತಿಗೂಡಿಸುವ ಸದ್ದು ಎರಡು ವರ್ಷಗಳಿಂದ ನನ್ನ ಕಿವಿಗೆ ಬೀಳುತ್ತಿದ್ದಿತಾದರೂ, ಅಲ್ಲಿ ವಾಸವಾಗಿರುವ ತರುಣನು ಕನ್ನಡದಲ್ಲಿ ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ, ನಾಲ್ಕು ಹಾಡುಗಳನ್ನು ಲೋಕಕ್ಕೆ ಒಪ್ಪಿಸಿದ್ದಾನೆಂಬ ಸಂಗತಿಯು ನನಗೆ ತಿಳಿದುದು ಪುಣೆಯಲ್ಲಿರುವ ನನ್ನ ತಂಗಿಯ ಮಗಳಿಂದ. “ಮಾವ, ನಿಮ್ಮ ಬಸವನಗುಡಿಯವರದೇ ಅಂತೆ, ಕೇಳಿ ನೋಡಿ” ಎಂದು ಅವಳು ಫೋನಿಗೆ ಕಳುಹಿಸಿದ ಹಾಡನ್ನು ಕೇಳುತ್ತ ಕುಳಿತವನಿಗೆ, ಅದರ ನಡುವೆ ಬರುವ ಗಿಟಾರಿನ ಒಂದು ತಿರುವು ದಿನವೂ ಗೋಡೆಯಾಚೆಯಿಂದ ಕೇಳಿದ್ದೇ ಎಂದು ಹೊಳೆದಾಗ ಸಂತೋಷಕ್ಕಿಂತ ಲಜ್ಜೆಯೇ ಹೆಚ್ಚಾಯಿತು. ಹತ್ತು ಮೊಳದ ದೂರದಲ್ಲಿದ್ದ ದನಿಯು ನನ್ನನ್ನು ಮುಟ್ಟುವುದಕ್ಕೆ ಪುಣೆಗೆ ಹೋಗಿ ಬರಬೇಕಾಯಿತು.

ಈ ನಗರದಲ್ಲಿ ಹೊಸ ಸಂಗೀತಕ್ಕೆ ಅಭಾವವಿದೆಯೆಂದು ಯಾರೂ ಹೇಳಲಾರರು. 1996ರಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಹಾಡುತ್ತಲೇ ಈ ಊರಿನದೇ ಆಗಿ ಉಳಿದ ಬ್ಯಾಂಡು ‘ಥರ್ಮಲ್ ಅಂಡ್ ಎ ಕ್ವಾರ್ಟರ್’. ಬೆಂಗಳೂರಿನಲ್ಲಿದ್ದು ಉರ್ದು, ಕಾಶ್ಮೀರಿ ಭಾಷೆಗಳಲ್ಲಿ ಹಾಡುವ ‘ಪರ್ವಾಜ್’. ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ವಾದ್ಯಗಳ ಮೇಳದಲ್ಲಿಟ್ಟು, ಸಂಪ್ರದಾಯಸ್ಥರ ಹುಬ್ಬು ಮೇಲೇರಿಸಿದ ‘ಅಗಂ’. ಬೀದಿಯ ಆಡುಗನ್ನಡವನ್ನೇ ಪ್ರಾಸಕ್ಕೆ ಒಗ್ಗಿಸಿ ರಾಪ್ ಹಾಡುವ ರಾಹುಲ್ ಡಿಟ್ಟೊ, ಎಂ.ಸಿ. ಬಿಜ್ಜು ಮೊದಲಾದ ತರುಣರು: ಇವರೆಲ್ಲರೂ ಒಂದೇ ಊರಿನ ಗಾಳಿಯನ್ನು ಉಸಿರಾಡಿದವರು. ಮೈಸೂರಿನಿಂದ ಬಂದ ರಘು ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಪಿಟೀಲುಗಳ ಜೊತೆಗೆ ಹಾಡಿದಾಗ, ತತ್ತ್ವಪದವೆಂದರೆ ಏನೆಂದೇ ಅರಿಯದಿದ್ದ ಎಷ್ಟೋ ಮಂದಿ ಕಾಲೇಜು ಹುಡುಗರು ಅವನ್ನು ಬಾಯಿಪಾಠ ಮಾಡಿಕೊಂಡು ತಿರುಗಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂತಹ ಯೋಗ ಎಲ್ಲರಿಗೂ ಒದಗುವುದಿಲ್ಲ. ಒಬ್ಬರ ಹೆಸರು ನಾಡಿಗೆ ತಿಳಿಯುವಷ್ಟರಲ್ಲಿ, ಅವರಷ್ಟೇ ಶ್ರದ್ಧೆಯಿಂದ ದುಡಿದ ಹಲವರು ಗಿಟಾರನ್ನು ಅಟ್ಟಕ್ಕೇರಿಸಿ ಸಾಫ್ಟ್‌ವೇರ್ ಕಚೇರಿಯ ಬಸ್ಸು ಹತ್ತಿರುತ್ತಾರೆ.

ಹಿಂದಿನವರಿಗೆ ಹೊಸ ಹಾಡು ಹೇಗೆ ತಿಳಿಯುತ್ತಿತ್ತು ಎಂಬುದನ್ನು ನೆನೆದರೆ ನಾವು ಕಳೆದುಕೊಂಡುದು ಏನೆಂಬುದು ಸ್ಪಷ್ಟವಾದೀತು. 1939ರಿಂದ ನಡೆದುಬಂದಿರುವ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವದಲ್ಲಿ ಯಾವ ದಿನ ಯಾರ ಕಚೇರಿ ಎಂಬುದು ಆಹ್ವಾನಪತ್ರಿಕೆಯಿಂದ ತಿಳಿಯುತ್ತಿತ್ತು. ಟಿಕೆಟ್ಟಿಗೆ ಹಣವಿಲ್ಲದವನು, ಉತ್ಸವ ನಡೆಯುತ್ತಿದ್ದ ಕೋಟೆ ಹೈಸ್ಕೂಲಿನ ಹೊರಗೆ ನಿಂತೇ ಕೇಳುತ್ತಿದ್ದನು. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಹೆಸರು ಇಡೀ ದೇಶದ ಬಾನುಲಿಗೆ ಅನ್ವರ್ಥವಾದ ಮೇಲೆ, ಸಾಹಿತ್ಯ ಇಂಥವರದು, ರಾಗಸಂಯೋಜನೆ ಇಂಥವರದು, ಗಾಯನ ಇಂಥವರದು ಎಂದು ಉದ್ಘೋಷಕರು ನಿಧಾನವಾಗಿ ಹೇಳುತ್ತಿದ್ದ ಮೂರು ವಾಕ್ಯಗಳೇ ನಮ್ಮ ತಲೆಮಾರಿನ ಸಂಗೀತಶಿಕ್ಷಣದ ಅರ್ಧಭಾಗವಾಗಿದ್ದುವು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟಾಗಿ ಬಂದಾಗ ನಾವು ಅದನ್ನು ಕೊಂಡುದು, ಅಂಗಡಿಯವನು ಕೌಂಟರಿನ ಮೇಲಿನ ಟೇಪ್‌ರೆಕಾರ್ಡರಿನಲ್ಲಿ ಅದನ್ನು ಹಾಕಿ, “ಒಂದು ಹಾಡು ಕೇಳಿ, ಆಮೇಲೆ ಬೇಡ ಅನ್ನಿ” ಎಂದು ನಮ್ಮನ್ನು ತಡೆದು ನಿಲ್ಲಿಸಿದ್ದರಿಂದ. ಅವನಿಗೆ ಲಾಭದ ಆಸೆ ಇದ್ದಿತು, ನಿಜ. ಆದರೆ ಗಿರಾಕಿಯ ರುಚಿಗಿಂತ ಒಂದು ಮೆಟ್ಟಿಲು ಮೇಲಿನದನ್ನು ಅವನ ಕೈಗಿಡುವ ಧೈರ್ಯವೂ ಇದ್ದಿತು.

ಆ ಅಂಗಡಿಯವನ ಸ್ಥಾನದಲ್ಲಿ ಈಗ ಕೂತಿರುವ, ಫೋನಿನಲ್ಲಿ ಹಾಡು ಆರಿಸಿಕೊಡುವ ಯಂತ್ರಕ್ಕೆ ಆ ಧೈರ್ಯವಿಲ್ಲ. ನಾನು ನಿನ್ನೆ ಏನು ಕೇಳಿದೆನೋ ಅದರ ತಮ್ಮನನ್ನೋ ತಂಗಿಯನ್ನೋ ಇಂದು ತಂದು ನಿಲ್ಲಿಸುವುದಷ್ಟೇ ಅದು ಬಲ್ಲ ವಿದ್ಯೆ. ಭಾಷೆಯಿಂದ ಅದು ಹಾಡುಗಳನ್ನು ವಿಂಗಡಿಸೀತು, ಮಳೆಗಾಲ, ವಿರಹ, ಪ್ರಯಾಣ ಎಂದು ಭಾವದಿಂದ ವಿಂಗಡಿಸೀತು. ಊರಿನಿಂದ ವಿಂಗಡಿಸುವುದು ಅಪೂರ್ವ. ಹೊಸ ಕನ್ನಡ ಹಾಡು ಬೇಕೆಂದು ಕೇಳಿದರೆ ಅದು ಒಪ್ಪಿಸುವುದು ಗಾಂಧಿನಗರದ ಸಿನಿಮಾ ಹಾಡುಗಳನ್ನೇ. 2015ರಿಂದ ಜಗತ್ತಿನ ಬಹುಭಾಗದಲ್ಲಿ ಹೊಸ ಧ್ವನಿಮುದ್ರಣಗಳು ಶುಕ್ರವಾರದಂದೇ ಹೊರಬರುವುದು ರೂಢಿಯಾಗಿರುವುದರಿಂದ, ನಮ್ಮ ಹಿಂಗೋಡೆಯ ಹುಡುಗನ ಹಾಡು ಲೋಕದ ಅತಿ ಪ್ರಸಿದ್ಧರ ಹಾಡುಗಳೊಡನೆ ಒಂದೇ ಬಾಗಿಲಲ್ಲಿ ನೂಕಾಡಿಕೊಂಡು ಹೊರಬರಬೇಕು. ಸಾಲದುದಕ್ಕೆ, ವರ್ಷವೊಂದರಲ್ಲಿ ಸಾವಿರ ಸಲವಾದರೂ ಕೇಳಲ್ಪಡದ ಹಾಡಿನ ಧ್ವನಿಮುದ್ರಣಕ್ಕೆ ಸಂಭಾವನೆಯೇ ಇಲ್ಲವೆಂಬ ನಿಯಮವನ್ನು, ಹಾಡು ಕೇಳಿಸುವ ತಾಣವಾದ ಸ್ಪಾಟಿಫೈ 2024ರಿಂದ ಜಾರಿಗೆ ತಂದಿದೆ. ಕಲಾವಿದನು ತನ್ನ ಊರಿನ ಹೆಸರನ್ನು ಹಾಡಿಗೆ ಅಂಟಿಸಬಹುದಾದ ಬ್ಯಾಂಡ್‌ಕ್ಯಾಂಪಿನಂತಹ ತಾಣದಲ್ಲಿ ಹುಡುಕುವವನಿಗೆ ಸ್ವಲ್ಪ ಆಸರೆಯುಂಟು. ಆದರೆ ಅಲ್ಲಿಯೂ ನಗರದ ಹಳೆಯ ಇಂಗ್ಲಿಷ್ ಕಾಗುಣಿತದಡಿಯಲ್ಲಿ ಕೆಲವರು, 2014ರ ಹೊಸ ಕಾಗುಣಿತದಡಿಯಲ್ಲಿ ಕೆಲವರು ಇರುವುದರಿಂದ, ಎರಡು ಊರುಗಳನ್ನು ಹುಡುಕಿದಂತೆ ಹುಡುಕಬೇಕು.

ಕಚೇರಿಗೆ ಹೋಗಿಯೇ ಕೇಳಬಾರದೇಕೆ ಎಂದು ನೀವು ಕೇಳಬಹುದು. ಹೋಗಬೇಕು. ಆದರೆ ಇಂದಿರಾನಗರದ ‘ಹಮ್ಮಿಂಗ್ ಟ್ರೀ’ಯಂತಹ, ಬ್ಯಾಂಡುಗಳಿಗೆ ತವರಾಗಿದ್ದ ವೇದಿಕೆಯೇ 2019ರಲ್ಲಿ ಮುಚ್ಚಿಹೋಯಿತು, ಉಳಿದವುಗಳಲ್ಲಿ ಎಷ್ಟೋ ಪಬ್ಬುಗಳು. ರಾತ್ರಿ ಒಂಬತ್ತರ ಮೇಲೆ, ಬಿಯರಿನ ಗ್ಲಾಸುಗಳ ಕಿಣಿಕಿಣಿಯ ನಡುವೆ, ಮೊಣಕಾಲುನೋವಿನ ನನ್ನಂಥವನು ನಿಂತು ಸಂಗೀತ ಕೇಳುವ ದೃಶ್ಯವನ್ನು ನೆನೆದು ನನ್ನ ಹೆಂಡತಿ ಈಗಲೂ ನಗುತ್ತಾಳೆ.

ಆದುದರಿಂದ ನನ್ನ ಸೂಚನೆಯನ್ನು ಈ ಪತ್ರಿಕೆಯ ಮುಂದೆಯೇ ಇಡುತ್ತೇನೆ. ಕನ್ನಡದ ಪತ್ರಿಕೆಗಳಲ್ಲಿ ‘ಸಾದರ ಸ್ವೀಕಾರ’ ಎಂಬ ಹಳೆಯ ಅಂಕಣವೊಂದುಂಟಷ್ಟೆ. ವಿಮರ್ಶೆಗೆ ಸ್ಥಳವಿಲ್ಲದಿದ್ದರೂ, ಬಂದ ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಪುಟ, ಬೆಲೆ ಇಷ್ಟನ್ನಾದರೂ ಮರ್ಯಾದೆಯಿಂದ ಅಚ್ಚುಮಾಡಿ, ಇಂತಹದೊಂದು ಹುಟ್ಟಿದೆಯೆಂದು ಊರಿಗೆ ಸಾರುವ ಆ ಸಂಪ್ರದಾಯಕ್ಕಿಂತ ನಿರಾಡಂಬರವಾದ ಸಾಹಿತ್ಯಸೇವೆ ಇನ್ನೊಂದಿಲ್ಲ. ಅದೇ ಉಪಕಾರವನ್ನು ಹಾಡಿಗೂ ಮಾಡಬಾರದೇಕೆ? ಹಾಡಿನ ಹೆಸರು, ಪದ ಬರೆದವರು, ರಾಗ ಹಾಕಿದವರು, ಹಾಡಿದವರು, ನುಡಿಸಿದವರು, ಯಾವ ಬಡಾವಣೆಯವರು, ಎಷ್ಟು ನಿಮಿಷದ್ದು, ಎಲ್ಲಿ ಸಿಕ್ಕೀತು ಎಂಬಷ್ಟೇ ಸಾಕು. ಯಾವುದು ಒಳ್ಳೆಯದು, ಯಾವುದು ಜಳ್ಳು ಎಂಬ ತೀರ್ಪು ಬೇಡ. ಸಂಗೀತ ಬಲ್ಲವರು ನಮ್ಮಲ್ಲಿಲ್ಲವೆಂದು ಸುದ್ದಿಮನೆಯವರು ಜಾರಿಕೊಳ್ಳುವುದಕ್ಕೂ ಆಗ ಅವಕಾಶವಿಲ್ಲ.

ಹಾಡುವವರಿಗೂ ಒಂದು ಮಾತು ಹೇಳದೆ ಬಿಡಲಾರೆ. ಕನ್ನಡದಲ್ಲಿ ಹಾಡಿ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ, ಅದೂ ಒಬ್ಬೊಬ್ಬರು ಒಂದೊಂದು ಬಗೆಯಾಗಿ, ಬರೆದು ಬಿಡುವುದು ಏತಕ್ಕೆ? ಹಿಂಗೋಡೆಯ ತರುಣನ ಹಾಡನ್ನು ನಾನು ಕನ್ನಡ ಲಿಪಿಯಲ್ಲಿ ಹುಡುಕಿದಾಗ ದೊರಕಿದುದು ಒಂದು ಭಕ್ತಿಗೀತೆ ಮತ್ತು ಎರಡು ಸಿನಿಮಾ ಹಾಡು. ಪದ ಬರೆದವರ ಹೆಸರಂತೂ ಬಹಳ ಕಡೆ ಕಾಣುವುದೇ ಇಲ್ಲ. ಬಾನುಲಿಯ ಆ ಮೂರು ವಾಕ್ಯಗಳ ಸೌಜನ್ಯವನ್ನು ನಮ್ಮ ಹೊಸಬರು ತಮಗೆ ತಾವೇ ತೋರಿಸಿಕೊಂಡಿಲ್ಲ.

ಸಂಪಾದಕ ಮಹಾಶಯರು ಶುಕ್ರವಾರದ ಪುಟದ ಯಾವುದಾದರೂ ಮೂಲೆಯಲ್ಲಿ ನಾಲ್ಕು ಅಂಗುಲ ಜಾಗ ಕೊಡುವ ಕೃಪೆಮಾಡಲಿ. ಮೊದಲ ವಾರಕ್ಕೆ ಬೇಕಾದ ನಾಲ್ಕು ಹಾಡುಗಳ ವಿವರವನ್ನು ಹಿಂಗೋಡೆಯ ಮನೆಗೆ ಹೋಗಿ, ಕನ್ನಡ ಲಿಪಿಯಲ್ಲಿಯೇ ಬರೆಸಿಕೊಂಡು, ನಾನೇ ಕಚೇರಿಗೆ ತಂದು ತಲುಪಿಸುತ್ತೇನೆ.