ರಿಯಾಯಿತಿ ಯಾವ ಲೆಕ್ಕದಲ್ಲಿ?

ರೈತ ಬಾಂಧವರೇ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಮೇಲಿನ ಕಣ್ಣು ತೆಗೆಯದವರು ನೀವು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಬಾಕ್ಸಿಗೆ ಐದು ರೂಪಾಯಿ ಇಳಿದರೂ ಬಿಡುವವರಲ್ಲ. ಅದೇ ನೀವು ಚಿಕ್ಕಬಳ್ಳಾಪುರದಲ್ಲೋ ಗೌರಿಬಿದನೂರಿನಲ್ಲೋ ರಿಯಾಯಿತಿ ಅಂಗಡಿ ಹೊಕ್ಕೊಡನೆ ಲೆಕ್ಕ ಮರೆಯುವುದೇಕೆ?

ಅಲ್ಲಿ ಕಡಿತ ತೋರಿಸುವುದು ಪೊಟ್ಟಣದ ಮೇಲಿನ ಎಂ.ಆರ್.ಪಿ.ಯಿಂದ. ಅದು ಗರಿಷ್ಠ ಬೆಲೆ. ನಿಮ್ಮೂರ ಶೆಟ್ಟರೂ ಎಷ್ಟೋ ಪದಾರ್ಥವನ್ನು ಅದಕ್ಕಿಂತ ಕಡಿಮೆಗೇ ಕೊಡುತ್ತಾರೆ, ಮೇಲೆ ಸುಗ್ಗಿಯವರೆಗೆ ಸಾಲವನ್ನೂ. ಇನ್ನು ಪೊಟ್ಟಣದ ತೂಕ ನೋಡಿ. 56 ರೂಪಾಯಿಯ 400 ಗ್ರಾಂ ಪೊಟ್ಟಣ 52ಕ್ಕೆ ಸಿಕ್ಕಿತೆಂದರೆ ಕೆ.ಜಿ.ಗೆ 130 ಬಿತ್ತು. ಪಕ್ಕದಲ್ಲಿ ಯಾವ ಕಡಿತವೂ ಇಲ್ಲದ ಅರ್ಧ ಕೆ.ಜಿ. 60ಕ್ಕೆ ಇದ್ದರೆ ಕೆ.ಜಿ.ಗೆ 120 ಮಾತ್ರ. ಗ್ರಾಂ ಅಥವಾ ಕೆ.ಜಿ. ಲೆಕ್ಕದ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮ ಈಗ ಉಂಟು. ಅಕ್ಷರ ಸಣ್ಣದು, ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಈ ಅಂಗಡಿಗಳೇ ಬೇಡವೆಂದಲ್ಲ. ಎಣ್ಣೆ, ಸಾಬೂನು ಅಗ್ಗವಾಗಿ ಸಿಗುವುದುಂಟು. ಆದರೆ ಬಿಲ್ಲನ್ನು ಬಾಗಿಲು ದಾಟುವ ಮುನ್ನ ಓದಿರಿ. ಕಪಾಟಿನ ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಇದ್ದರೆ ಅಲ್ಲೇ ಕೇಳಿ. ಒಪ್ಪದಿದ್ದರೆ ಬಿಲ್ಲು ಜೋಪಾನವಾಗಿಟ್ಟು 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೂ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ.

ಪೇಟೆಗೆ ಹೋಗಿಬರುವ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಸೇರಿಸಿ. 2023ರ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಆ ಖರ್ಚಿಲ್ಲ; ಸಾಮಾನಿನ ಚೀಲ ಅವರ ಕೈಲಿರುವುದೇ ಲೇಸು.