ಆಟದ ರೈಲೂ ನಮ್ಮ ಸೀಮೆಯ ಕರಟವೂ

ತಿಪಟೂರು ಸೀಮೆಯ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ನಾವು ಒಮ್ಮೆ ಹೋಗಿದ್ದೆವು. ವಿದ್ಯಾರ್ಥಿಗಳು ಪುಟ್ಟ ರೈಲೊಂದನ್ನು ಅಚ್ಚುಕಟ್ಟಾಗಿ ರಚಿಸಿದ್ದರು. ಅತಿಥಿಗಳು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಅದು ನಿಂತುಹೋಯಿತು. ಮರಳಿ ತುಂಬಬಹುದಾದ ವಿದ್ಯುತ್ಕೋಶಗಳು ಬರಿದಾಗಿದ್ದುವು. ಅವನ್ನು ತುಂಬಲು ಗಂಟೆಗಳೇ ಬೇಕಾಗಿದ್ದುವು. ಆ ಹುಡುಗರ ಬಾಡಿದ ಮುಖವೇ ಈ ಲೇಖನಕ್ಕೆ ಕಾರಣ.

ಇಂಥ ರೈಲಿಗೆ ವಿದ್ಯುತ್ಕೋಶದ ಬದಲು ಸೂಪರ್ ಕೆಪ್ಯಾಸಿಟರನ್ನು ಅಳವಡಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಅದರ ಕುಂದನ್ನು ಮೊದಲು ಹೇಳಿಬಿಡುವುದು ನ್ಯಾಯ. 1.2 ವೋಲ್ಟಿನ, 2000 ಮಿಲಿಆಂಪಿಯರ್-ಗಂಟೆಯ ನಿಕ್ಕಲ್ ಕೋಶವೊಂದು ಸುಮಾರು 8640 ಜೂಲ್ ಶಕ್ತಿಯನ್ನು ಹಿಡಿದಿಡುತ್ತದೆ. 2.7 ವೋಲ್ಟಿನ, 10 ಫ್ಯಾರಡ್ಡಿನ ಕೆಪ್ಯಾಸಿಟರಿನಲ್ಲಿರುವುದು ಸುಮಾರು 36 ಜೂಲ್ ಮಾತ್ರ. ಗಾತ್ರದಲ್ಲಿ ಇದು ಚಿಕ್ಕದೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಕೋಶದ್ದೇ ಮೇಲುಗೈ. ಕೋಶವು ಕೆರೆ, ಇದು ಬಿಂದಿಗೆ.

ಆದರೆ ಬಿಂದಿಗೆಯನ್ನು ಕ್ಷಣದಲ್ಲಿ ತುಂಬಬಹುದಷ್ಟೆ? ಕೆಪ್ಯಾಸಿಟರಿನ ವೋಲ್ಟೇಜು ಅರ್ಧಕ್ಕಿಳಿದಾಗ ಶಕ್ತಿಯ ಮುಕ್ಕಾಲು ಪಾಲು ಹೊರಬಂದಿರುತ್ತದೆ. ಏಕೆಂದರೆ ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಹೀಗೆ ದೊರೆಯುವ 27 ಜೂಲ್‌ಗಳಿಂದ ಅರ್ಧ ವಾಟಿನ ಪುಟ್ಟ ರೈಲು ಹೆಚ್ಚುಕಡಮೆ ಒಂದು ನಿಮಿಷ ಓಡೀತು. ಬಳಿಕ ನಿಲ್ದಾಣದಲ್ಲಿ 2 ಆಂಪಿಯರ್ ಪ್ರವಾಹವನ್ನು ಹರಿಸಿದರೆ ಸುಮಾರು 7 ಸೆಕೆಂಡುಗಳಲ್ಲಿ ಅದು ಮತ್ತೆ ತುಂಬುತ್ತದೆ. ಇಳಿಯುವ ವೋಲ್ಟೇಜನ್ನು ಏರಿಸಿ ಸಮನಾಗಿಡುವ ಸಣ್ಣ ವಿದ್ಯುನ್ಮಂಡಲವೊಂದು ಮಾತ್ರ ಬೇಕು. ನಿಕ್ಕಲ್ ಕೋಶವು ಕೆಲವು ನೂರರಿಂದ ಸಾವಿರ ಸಲ ತುಂಬಿ ಬರಿದಾಗುವುದರೊಳಗೆ ಸವೆಯುತ್ತದೆ. ಕೆಪ್ಯಾಸಿಟರು ಲಕ್ಷಾಂತರ ಸಲ ತಾಳಬಲ್ಲುದು. ಚೀನದ ಗುವಾಂಗ್‌ಝೌ ನಗರದಲ್ಲಿ 2014ರ ಕೊನೆಯಲ್ಲಿ ಆರಂಭವಾದ ಟ್ರಾಮು ಇದೇ ತತ್ವದಿಂದ ನಿಲ್ದಾಣ ನಿಲ್ದಾಣದಲ್ಲೂ ಶಕ್ತಿಯನ್ನು ತುಂಬಿಕೊಂಡು ಓಡುವಂತೆ ರಚಿತವಾದುದು. ನಿಲ್ದಾಣಗಳುಳ್ಳ ವಾಹನಕ್ಕೆ ಬಿಂದಿಗೆಯೇ ಸಾಕು.

ಇನ್ನು ಇದರ ಒಳಗುಟ್ಟನ್ನು ನೋಡೋಣ. ವಾಹಕವೊಂದು ದ್ರಾವಣದಲ್ಲಿ ಮುಳುಗಿದಾಗ ಅದರ ಮೈಗೆ ಅಯಾನುಗಳು ಪದರವಾಗಿ ಅಂಟಿ ನಿಲ್ಲುವುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ವಿವರಿಸಿದ್ದನು. ರಂಧ್ರಮಯ ಇಂಗಾಲವನ್ನು ಬಳಸಿ ಈ ಪದರದಲ್ಲಿ ವಿದ್ಯುತ್ತನ್ನು ಕೂಡಿಡುವ ಉಪಾಯಕ್ಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಬೆಕರನು 1957ರಲ್ಲಿ ಪೇಟೆಂಟನ್ನು ಪಡೆದನು. ಇಲ್ಲಿ ರಾಸಾಯನಿಕ ಕ್ರಿಯೆಯ ಅಗತ್ಯವಿಲ್ಲ. ಅಯಾನುಗಳು ಬಂದು ಅಂಟುತ್ತವೆ, ಬಿಟ್ಟು ಹೋಗುತ್ತವೆ. ಆದ್ದರಿಂದಲೇ ಈ ವೇಗ, ಈ ದೀರ್ಘಾಯುಷ್ಯ. ಮೈ ಎಷ್ಟು ವಿಶಾಲವೋ ಸಂಗ್ರಹ ಅಷ್ಟು ಹೆಚ್ಚು.

ಆ ವಿಶಾಲವಾದ ಮೈಯನ್ನು ಕೊಡುವ ಇಂಗಾಲವನ್ನು ಬಹುವಾಗಿ ಯಾವುದರಿಂದ ಮಾಡುತ್ತಾರೆ ಬಲ್ಲಿರಾ? ತೆಂಗಿನ ಕರಟದಿಂದ! ಕರಟವು ಗಟ್ಟಿ, ಅದರಲ್ಲಿ ಬೂದಿಯ ಅಂಶ ಕಡಮೆ, ಅದರ ರಂಧ್ರಗಳು ಅತಿಸೂಕ್ಷ್ಮ. ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಕಡುಕಾವಿನಲ್ಲಿ ನೀರಾವಿಯನ್ನು ಹಾಯಿಸಿದರೆ, ಒಂದೇ ಗ್ರಾಂ ಇಂಗಾಲದಲ್ಲಿ 1500 ಚದರ ಮೀಟರಿನಷ್ಟು ಮೈ ತೆರೆದುಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 15 ಗುಂಟೆ ತೋಟ!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮನೆಗಳಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಪಾಡಿ ಉಂಡೆಕೊಬ್ಬರಿ ಮಾಡುತ್ತೇವೆ. ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ; ಕರಟವೋ ಅನೇಕ ಮನೆಗಳಲ್ಲಿ ಹಂಡೆಯ ಒಲೆಗೆ ಹೋಗುತ್ತದೆ. ಕೊಬ್ಬರಿಯ ಬೆಲೆ ಕುಸಿದ ವರ್ಷ ಕಾಲೇಜಿನ ಶುಲ್ಕಕ್ಕೆ ತೊಡಕಾಗಿ ಬರುವ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಅವರ ಮನೆಯ ಒಲೆಯಲ್ಲಿ ಉರಿಯುತ್ತಿರುವುದು ಏನೆಂಬುದನ್ನು ಅವರಿಗೆ ತಿಳಿಸದಿದ್ದರೆ ನಮ್ಮ ಭೌತಶಾಸ್ತ್ರದ ಪಾಠವು ಸಾರ್ಥಕವಾದೀತೆ?

ಕೆಪ್ಯಾಸಿಟರಿಗೆ ಒಪ್ಪುವ ಶುದ್ಧ ಇಂಗಾಲವನ್ನು ಹಿತ್ತಲಲ್ಲಿ ಮಾಡಲಾಗದು. ಅದಕ್ಕೆ ಕುಲುಮೆ ಬೇಕು, ಬಂಡವಾಳ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಬಲ್ಲವರು ಬೇಕು. ಬಲ್ಲವರು ತಯಾರಾಗುವುದು ತರಗತಿಯಲ್ಲಿ. ಅಂಗಡಿಯಲ್ಲಿ ದೊರೆಯುವ ಕರಟದ ಸಕ್ರಿಯ ಇಂಗಾಲವನ್ನು ನುಣ್ಣಗೆ ಅರೆದು, ಉಪ್ಪುನೀರಿನಲ್ಲಿ ಕಲಸಿ, ಎರಡು ಗ್ರಾಫೈಟ್ ಹಾಳೆಗಳಿಗೆ ಬಳಿದು, ನಡುವೆ ತೊಯ್ದ ಕಾಗದವನ್ನಿಟ್ಟು, ಅಧ್ಯಾಪಕರ ಸಮಕ್ಷಮದಲ್ಲಿ 1 ವೋಲ್ಟನ್ನು ಮೀರದಂತೆ ತುಂಬಿ ನೋಡಿರಿ. ವೋಲ್ಟೇಜು ನಿಧಾನವಾಗಿ ಇಳಿಯುವುದನ್ನು ಅಳೆದು ನಕ್ಷೆ ಬರೆಯಿರಿ. ಮುಂದಿನ ಪ್ರದರ್ಶನದಲ್ಲಿ ರೈಲು ನಿಂತರೂ ಚಿಂತೆಯಿಲ್ಲ; ನಿಲ್ದಾಣದಲ್ಲಿ ಏಳು ಸೆಕೆಂಡು ನಿಂತು ಅದು ಮತ್ತೆ ಹೊರಡಲಿ.