‘ಪಾಸ್ ಔಟ್’ ಆದಳೇ, ಪ್ರಜ್ಞೆ ತಪ್ಪಿದಳೇ?

ನಿಮ್ಮ ಮಗಳು ನರ್ಸಿಂಗ್ ಮುಗಿಸಿದ್ದಾಳೆ. ವಿದೇಶದ ಆಸ್ಪತ್ರೆಗೆ ಕಳುಹಿಸುವ ಅರ್ಜಿಯಲ್ಲಿ ‘ಐ ಪಾಸ್ಡ್ ಔಟ್ ಇನ್ 2023’ ಎಂದು ಬರೆದಳೆನ್ನಿ. ನಮಗೆ ಅದರಲ್ಲಿ ತಪ್ಪೇನೂ ಕಾಣದು. ಆದರೆ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕುಳಿತು ಓದುವವರಿಗೆ ಮೊದಲು ಹೊಳೆಯುವ ಅರ್ಥ, ‘2023ರಲ್ಲಿ ನಾನು ಪ್ರಜ್ಞೆ ತಪ್ಪಿದೆ’ ಎಂದು!

ಪಾಸ್ ಎಂದರೆ ದಾಟು, ಔಟ್ ಎಂದರೆ ಹೊರಗೆ. ಎರಡೂ ಸೇರಿದಾಗ ಅರ್ಥ ಬೇರೆಯೇ. ನಮ್ಮ ‘ಕೈ ಕೊಟ್ಟ’ ಎಂಬ ಮಾತಿನಲ್ಲಿ ಕೈಯೂ ಇಲ್ಲ, ಕೊಡುವುದೂ ಇಲ್ಲವಲ್ಲ, ಹಾಗೆ.

ಹಾಗೆಂದು ನಮ್ಮವರನ್ನು ನೋಡಿ ನಗಬೇಕಾಗಿಲ್ಲ. ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷ್ ಸೇನೆಯಲ್ಲೂ ‘ಪಾಸ್ ಔಟ್’ ಎಂದೇ ಹೇಳುತ್ತಾರೆ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ‘ಪಾಸಿಂಗ್ ಔಟ್ ಪರೇಡ್’ ಬಗ್ಗೆ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ನಮ್ಮ ದೇಶದಲ್ಲಿ ಕಾಲೇಜಿಗೂ ಅದೇ ಮಾತು ನಡೆಯುತ್ತದೆ. ಬೆಂಗಳೂರಿನ ಕಂಪೆನಿಗೆ ಬರೆಯುವಾಗ ಚಿಂತೆಯಿಲ್ಲ. ಹೊರದೇಶಕ್ಕಾದರೆ ಪದವಿಗೆ ‘ಐ ಗ್ರಾಜುಯೇಟೆಡ್ ಇನ್ 2023’, ಶಾಲೆಗೆ ‘ಐ ಫಿನಿಶ್ಡ್ ಸ್ಕೂಲ್’ ಎಂದು ಬರೆಯಲಿ. ಪರೀಕ್ಷೆಗಾದರೆ ಔಟ್ ಬೇಡ, ‘ಐ ಪಾಸ್ಡ್ ದಿ ಎಕ್ಸಾಮ್’ ಸಾಕು.

ಇದಕ್ಕಿಂತಲೂ ಜೋಪಾನ ಬೇಕಾದ ಜಾಗ ಇನ್ನೊಂದಿದೆ. ‘ಪಾಸ್ ಅವೇ’ ಎಂದರೆ ತೀರಿಹೋಗುವುದು. ಉಪವಾಸದ ದಿನ ಬಿಸಿಲಿಗೆ ತಲೆ ಸುತ್ತಿ ಬಿದ್ದ ಅಮ್ಮ ನೀರು ಚಿಮುಕಿಸಿದೊಡನೆ ಎದ್ದು ಕುಳಿತಿರುತ್ತಾರೆ. ಗಡಿಬಿಡಿಯಲ್ಲಿ ಔಟ್ ಬದಲು ‘ಮದರ್ ಪಾಸ್ಡ್ ಅವೇ’ ಎಂದು ಮೊಬೈಲಿನಲ್ಲಿ ಒತ್ತಿಬಿಟ್ಟರೆ ದುಬೈಯಲ್ಲಿರುವ ಮಗನ ಗತಿಯೇನು? ಇಂಥ ಸುದ್ದಿಯನ್ನು ಕನ್ನಡದಲ್ಲೋ ಮನೆಮಾತಿನಲ್ಲೋ ಹೇಳುವುದೇ ಒಳ್ಳೆಯದು. ಇಂಗ್ಲಿಷೇ ಬೇಕೆಂದರೆ ‘ಶಿ ಫೇಂಟೆಡ್’ ಎನ್ನಿ. ಆಸ್ಪತ್ರೆಯ ದಾಖಲೆಯಲ್ಲಂತೂ ‘ಪಾಸ್ಡ್ ಔಟ್’ಗಿಂತ ‘ಲಾಸ್ಟ್ ಕಾನ್ಷಸ್‌ನೆಸ್’ ಹೆಚ್ಚು ಸೂಕ್ತ, ಮೊದಲನೆಯದು ಆಡುಮಾತು.

ಅಮೆರಿಕದಲ್ಲಿ ಹಂಚುವುದಕ್ಕೂ ‘ಪಾಸ್ ಔಟ್’ ಎನ್ನುತ್ತಾರೆ. ‘ದಿ ಟೀಚರ್ ಪಾಸ್ಡ್ ಔಟ್ ದಿ ಪೇಪರ್ಸ್’ ಎಂದರೆ ಟೀಚರಿಗೆ ಏನೂ ಆಗಿಲ್ಲ, ಕಾಗದ ಹಂಚಿದರು ಅಷ್ಟೆ. ಇಲ್ಲಿ ‘ಪಾಸ್ಡ್ ದಿ ಪೇಪರ್ಸ್ ಔಟ್’ ಎಂದರೂ ಸರಿಯೇ. ಆದರೆ ಪೇಪರ್ಸ್ ಬದಲು ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪಾಸ್ಡ್ ದೆಮ್ ಔಟ್’.